ಚಿಕ್ಕಮ್ಮನಿಗೆ ಎಷ್ಟು, ಮಕ್ಕಳಿಗೆ ಎಷ್ಟು? ಆಸ್ತಿ ತಕರಾರನ್ನು ಬಿಡಿಸಿಕೊಳ್ಳುವ ಕ್ರಮ

ಓದುಗರಿಂದ ಮೇಲಿಂದ ಮೇಲೆ ಬರುವ ಪ್ರಶ್ನೆಗಳಲ್ಲಿ ಇದೂ ಒಂದು. ಆದರೆ ಇದು ಎರಡು ದಿಕ್ಕಿನಿಂದ ಬರುತ್ತದೆ. ‘ಅಪ್ಪ ಎರಡನೆಯ ಮದುವೆಯಾಗಿದ್ದರು, ಈಗ ತೀರಿಕೊಂಡಿದ್ದಾರೆ. ಕಾಗದಪತ್ರಗಳೆಲ್ಲ ಚಿಕ್ಕಮ್ಮನ ಬೀರುವಿನಲ್ಲಿವೆ. ನಮಗೇನೂ ಸಿಗುವುದಿಲ್ಲವೇ?’ ಎಂದು ಮಕ್ಕಳು ಕೇಳುತ್ತಾರೆ. ‘ಇಪ್ಪತ್ತು ವರ್ಷ ಸಂಸಾರ ಮಾಡಿದ ಮನೆ. ಯಜಮಾನರು ಹೋದ ಮೇಲೆ ಮೊದಲನೆಯವರ ಮಕ್ಕಳು ಬಂದು ಖಾಲಿ ಮಾಡಿ ಎನ್ನುತ್ತಿದ್ದಾರೆ. ಮಾಡಬೇಕೇ?’ ಎಂದು ಚಿಕ್ಕಮ್ಮಂದಿರು ಕೇಳುತ್ತಾರೆ. ಮದುವೆ ಊರ್ಜಿತವಾಗಿದ್ದು, ತಂದೆ ವಿಲ್ ಬರೆಯದೆ ಹೋಗಿದ್ದರೆ ಇಬ್ಬರಿಗೂ ಉತ್ತರ ಒಂದೇ: ನೀವೂ ವಾರಸುದಾರರು, ಅವರೂ ವಾರಸುದಾರರು.

ಎಲ್ಲರೂ ಮೊದಲು ಕೇಳುವುದು ‘ನನ್ನ ಪಾಲೆಷ್ಟು’ ಎಂದು. ನಿಜಕ್ಕೂ ಅದು ನಾಲ್ಕನೆಯ ಪ್ರಶ್ನೆ. ಅದಕ್ಕಿಂತ ಮೊದಲಿನ ಮೂರಕ್ಕೆ ಉತ್ತರವಿಲ್ಲದೆ ಲೆಕ್ಕ ಹಾಕಿದವರು ನಂತರ ನ್ಯಾಯಾಲಯದಲ್ಲಿ ಬೆಚ್ಚಿಬೀಳುವುದುಂಟು. ಹಾಗಾಗಿ ಕ್ರಮವಾಗಿಯೇ ಹೋಗೋಣ. ಇಲ್ಲಿ ಹೇಳಿರುವುದು ಮುಖ್ಯವಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ವಿಚಾರ. ಲಿಂಗಾಯತ, ಜೈನ, ಬೌದ್ಧ, ಸಿಖ್ಖರಿಗೂ ಇದೇ ಕಾಯ್ದೆ ಅನ್ವಯಿಸುತ್ತದೆ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳ ಮಾತು ಕೊನೆಯಲ್ಲಿದೆ.

ಉದಾಹರಣೆಗೆ ಒಂದು ಸಂಸಾರವನ್ನು ಇಟ್ಟುಕೊಳ್ಳೋಣ. ತಂದೆ ಈಗ ತೀರಿಕೊಂಡಿದ್ದಾರೆ. ಮೊದಲ ಹೆಂಡತಿ ಹಿಂದೆಯೇ ತೀರಿಕೊಂಡಿದ್ದರು, ಅವರಿಗೆ ಒಬ್ಬ ಮಗ, ಒಬ್ಬ ಮಗಳು. ಎರಡನೆಯ ಹೆಂಡತಿ ಇದ್ದಾರೆ, ಅವರಿಗೆ ಒಬ್ಬ ಮಗ.

1. ಯಾರು ಯಾವಾಗ ತೀರಿಕೊಂಡರು ಎಂದು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಅಜ್ಜ, ಅಜ್ಜಿ, ತಾಯಿ, ತಂದೆ ಎಲ್ಲರ ಮರಣದ ದಿನಾಂಕ ಬರೆಯಿರಿ. ಪ್ರತಿ ಮರಣಕ್ಕೂ ಮರಣ ಪ್ರಮಾಣಪತ್ರ ತೆಗೆಸಿಡಿ. ಒಬ್ಬರು ತೀರಿಕೊಂಡ ಕ್ಷಣದಲ್ಲಿಯೇ ಅವರ ಆಸ್ತಿ ಆಗ ಬದುಕಿರುವ ವಾರಸುದಾರರಿಗೆ ಸೇರಿಬಿಡುತ್ತದೆ. ಖಾತೆ ಬದಲಾಗಿಲ್ಲ ಎಂಬ ಕಾರಣಕ್ಕೆ ಅದು ಕಾಯುತ್ತ ಕೂರುವುದಿಲ್ಲ.

ಇದರ ಪರಿಣಾಮ ಅನೇಕರಿಗೆ ಹಿಡಿಸುವುದಿಲ್ಲ. ನಮ್ಮ ಉದಾಹರಣೆಯ ಮೊದಲ ಹೆಂಡತಿಯ ಹೆಸರಿನಲ್ಲಿ ಒಂದು ನಿವೇಶನವಿತ್ತು ಎನ್ನೋಣ. ‘ಅದು ನಮ್ಮಮ್ಮನದು, ಚಿಕ್ಕಮ್ಮನಿಗೂ ಅದಕ್ಕೂ ಏನು ಸಂಬಂಧ?’ ಎಂದು ಮಕ್ಕಳು ಕೇಳುತ್ತಾರೆ. ಸಂಬಂಧವಿದೆ. ವಿಲ್ ಬರೆಯದೆ ತೀರಿಕೊಂಡ ಹೆಂಗಸಿನ ಆಸ್ತಿ ಆಕೆಯ ಮಕ್ಕಳಿಗೂ ಗಂಡನಿಗೂ ಸಮನಾಗಿ ಹೋಗುತ್ತದೆ. ಆದ್ದರಿಂದ ಅಂದೇ ತಂದೆಗೆ ಮೂರನೆಯ ಒಂದು ಪಾಲು ಬಂದಿತ್ತು. ಈಗ ತಂದೆ ಹೋದ ಮೇಲೆ ಆ ಪಾಲು ಅವರ ಮೂವರು ಮಕ್ಕಳಿಗೂ ಎರಡನೆಯ ಹೆಂಡತಿಗೂ ಹಂಚಿಹೋಗುತ್ತದೆ. ಅಂದರೆ ಆ ನಿವೇಶನದಲ್ಲಿ ಚಿಕ್ಕಮ್ಮನಿಗೆ ಹನ್ನೆರಡನೆಯ ಒಂದು ಪಾಲು, ಅವರ ಮಗನಿಗೂ ಅಷ್ಟೇ.

2. ಎರಡನೆಯ ಮದುವೆ ಊರ್ಜಿತವೇ ನೋಡಿ

1955ರ ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದ ಮೇಲೆ, ಮೊದಲ ಹೆಂಡತಿ ಬದುಕಿದ್ದು ವಿಚ್ಛೇದನವೂ ಆಗದಿರುವಾಗ ಮಾಡಿಕೊಂಡ ಇನ್ನೊಂದು ಮದುವೆ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ. ಅಂಥ ಹೆಂಡತಿ ‘ವಿಧವೆ’ಯಾಗಿ ಪಾಲು ಕೇಳಲಾಗದು. ಊರವರೆಲ್ಲ ಒಪ್ಪಿದ್ದರು, ದೇವಸ್ಥಾನದಲ್ಲಿ ತಾಳಿ ಕಟ್ಟಿದ್ದರು ಎಂಬುದರಿಂದ ಇದು ಬದಲಾಗುವುದಿಲ್ಲ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಅಥವಾ ವಿಚ್ಛೇದನದ ಡಿಕ್ರಿಯ ನಂತರ ಆದ ಮದುವೆಯಾದರೆ ನೋಂದಣಿ ಇಲ್ಲದಿದ್ದರೂ ಊರ್ಜಿತವೇ. ಆಗ ಲಗ್ನಪತ್ರಿಕೆ, ಫೋಟೊ, ಪಡಿತರ ಚೀಟಿ, ಮತದಾರರ ಪಟ್ಟಿ ಎಲ್ಲವೂ ಸಾಕ್ಷ್ಯವಾಗುತ್ತವೆ.

ಆದರೆ ಊರ್ಜಿತವಲ್ಲದ ಮದುವೆಯಲ್ಲಿ ಹುಟ್ಟಿದ ಮಕ್ಕಳನ್ನು ಹೀಗೆ ತಳ್ಳಿಹಾಕಲಾಗದು. ಕರ್ನಾಟಕದಿಂದಲೇ ಮೇಲ್ಮನವಿಯಾಗಿ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು ಇದನ್ನು ಸ್ಪಷ್ಟಪಡಿಸಿತು. ಅನೂರ್ಜಿತ ಮದುವೆಯ ಮಕ್ಕಳು ಕೂಡುಕುಟುಂಬದಲ್ಲಿ ಹುಟ್ಟಿನಿಂದಲೇ ಪಾಲುದಾರರಾಗುವುದಿಲ್ಲ, ಆದರೆ ಆ ಕುಟುಂಬದ ಆಸ್ತಿಯಲ್ಲಿ ತಂದೆಯ ಪಾಲಿಗೆ ಬಂದದ್ದರಲ್ಲಿ ಮತ್ತು ತಂದೆಯ ಸ್ವಂತ ಆಸ್ತಿಯಲ್ಲಿ ಅವರಿಗೂ ಉಳಿದ ಮಕ್ಕಳಷ್ಟೇ ಹಕ್ಕಿದೆ. ‘ಅವರ ಮದುವೆಯೇ ಸರಿಯಿಲ್ಲ, ಆ ಹುಡುಗನಿಗೆ ಏನೂ ಇಲ್ಲ’ ಎಂದು ಪಂಚಾಯಿತಿ ಕಟ್ಟೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ.

ಚಿಕ್ಕಮ್ಮ ತನ್ನ ಹಿಂದಿನ ಗಂಡನಿಂದ ಪಡೆದ ಮಗುವನ್ನು ಕರೆತಂದಿದ್ದರೆ ಆ ಮಗು ನಿಮ್ಮ ತಂದೆಯ ವಾರಸುದಾರ ಅಲ್ಲ. ಕಾನೂನುಬದ್ಧವಾಗಿ ದತ್ತು ತೆಗೆದುಕೊಂಡಿದ್ದರೆ ಮಾತ್ರ ವಾರಸುದಾರ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಬರೆಸಿದ ಮಾತ್ರಕ್ಕೆ ದತ್ತಕವಾಗುವುದಿಲ್ಲ.

3. ಪ್ರತಿ ಆಸ್ತಿಯ ಮೂಲ ಹುಡುಕಿ

ಸ್ವಯಾರ್ಜಿತ ಎಂದರೆ ತಂದೆ ತಾವೇ ಸಂಪಾದಿಸಿದ್ದು. ಪಿತ್ರಾರ್ಜಿತ ಎಂದರೆ ಕೂಡುಕುಟುಂಬದ ಆಸ್ತಿಯಾಗಿ ಹಿಂದಿನ ತಲೆಮಾರುಗಳಿಂದ ಇಳಿದು ಬಂದದ್ದು, ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿರುವುದು. ಎಡವುವುದು ಇಲ್ಲಿಯೇ: ‘ತಾತನ ಹೆಸರಿನಲ್ಲಿತ್ತು, ಆದ್ದರಿಂದ ಪಿತ್ರಾರ್ಜಿತ’ ಎಂಬ ಲೆಕ್ಕ ಯಾವಾಗಲೂ ನಿಲ್ಲುವುದಿಲ್ಲ. ತಾತ ಸ್ವಂತ ಹಣದಲ್ಲಿ ಕೊಂಡ ಆಸ್ತಿ, 1956ರ ನಂತರ ಅವರು ವಿಲ್ ಇಲ್ಲದೆ ತೀರಿಕೊಂಡಾಗ ತಂದೆಗೆ ಬಂದಿದ್ದರೆ, ಅದು ತಂದೆಯ ಪ್ರತ್ಯೇಕ ಆಸ್ತಿ. ಸುಪ್ರೀಂ ಕೋರ್ಟ್ 1986ರಲ್ಲಿಯೇ ಚಂದರ್ ಸೇನ್ ಪ್ರಕರಣದಲ್ಲಿ ಹೀಗೆ ಹೇಳಿದೆ. ಮೊಮ್ಮಕ್ಕಳಿಗೆ ಅದರಲ್ಲಿ ಹುಟ್ಟಿನ ಹಕ್ಕು ಇರುವುದಿಲ್ಲ.

ಮೂಲ ತಿಳಿಯಲು ಬೇಕಾದ ದಾಖಲೆಗಳು:

ಜಮೀನಿಗೆ ಹಲವು ವರ್ಷಗಳ ಪಹಣಿ. 9ನೆಯ ಕಾಲಂನಲ್ಲಿ ಮಾಲೀಕರ ಹೆಸರಿರುತ್ತದೆ, 10ರಲ್ಲಿ ಹಕ್ಕು ಹೇಗೆ ಬಂತು ಎಂಬುದರ ಸುಳಿವು ಮತ್ತು ಮ್ಯುಟೇಶನ್ (ಮಾಲೀಕರ ಹೆಸರು ಬದಲಾವಣೆ) ಸಂಖ್ಯೆ, 11ರಲ್ಲಿ ಸಾಲ, ತಡೆಯಾಜ್ಞೆಯಂಥವು. ಆ ಮ್ಯುಟೇಶನ್ ಸಂಖ್ಯೆ ಹಿಡಿದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಹಳೆಯ ಪ್ರತಿ ತೆಗೆಸಿ. ಬೇಸರದ ಕೆಲಸ ನಿಜ, ಆದರೆ ಅರ್ಧ ವ್ಯಾಜ್ಯ ಇಲ್ಲಿಯೇ ಬಿಡಿಸಿಕೊಳ್ಳುತ್ತದೆ.

ಮನೆ, ನಿವೇಶನಗಳಿಗೆ ಕ್ರಯಪತ್ರ, ಖಾತೆ ಮತ್ತು ಋಣಭಾರ ಪ್ರಮಾಣಪತ್ರ. ಋಣಭಾರ ಪ್ರಮಾಣಪತ್ರ, ಅಂದರೆ ಜನ ‘ಇ.ಸಿ.’ ಎನ್ನುವುದು, ಒಂದು ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ತಂದೆ ಆಸ್ತಿ ಕೊಂಡ ದಿನದಿಂದ ಇಂದಿನವರೆಗಿನದನ್ನು ಕೇಳಿ. ಕೊನೆಯ ಐದು ವರ್ಷದ್ದು ಮಾತ್ರ ತೆಗೆದವರಿಗೆ ಆರನೆಯ ವರ್ಷದ ದಾನಪತ್ರ ಕಾಣುವುದಿಲ್ಲ. ಇ.ಸಿ.ಯಲ್ಲಿ ವಿಲ್ ಕೂಡ ಕಾಣುವುದಿಲ್ಲ ಎಂಬುದು ನೆನಪಿರಲಿ.

4. ಈಗ ಪಾಲಿನ ಲೆಕ್ಕ

ತಂದೆಯ ಸ್ವಯಾರ್ಜಿತಕ್ಕೆ ಲೆಕ್ಕ ಸುಲಭ. ವಿಧವೆಗೆ ಒಂದು, ಪ್ರತಿ ಮಗನಿಗೆ ಒಂದು, ಪ್ರತಿ ಮಗಳಿಗೆ ಒಂದು, ತಂದೆಯ ತಾಯಿ ಬದುಕಿದ್ದರೆ ಅವರಿಗೂ ಒಂದು. ನಮ್ಮ ಉದಾಹರಣೆಯಲ್ಲಿ ನಾಲ್ಕು ಸಮ ಪಾಲು. ಅಜ್ಜಿ ಇದ್ದರೆ ಐದು. ಹಳ್ಳಿಗಳಲ್ಲಿ ಹಿರಿಯರು ‘ಮೊದಲ ಸಂಸಾರಕ್ಕೆ ಅರ್ಧ, ಎರಡನೆಯದಕ್ಕೆ ಅರ್ಧ’ ಎಂದು ತೀರ್ಮಾನ ಹೇಳುವುದುಂಟು. ಕಾಯ್ದೆ ತಲೆ ಎಣಿಸುತ್ತದೆ, ಸಂಸಾರ ಎಣಿಸುವುದಿಲ್ಲ. ಮದುವೆಯಾಗಿ ಹೋದ ಮಗಳೂ ಒಂದು ತಲೆಯೇ.

ಪಿತ್ರಾರ್ಜಿತದ ಲೆಕ್ಕ ಎರಡು ಸುತ್ತಿನದು. ಎಂಟು ಎಕರೆ ಜಮೀನಿದೆ ಎನ್ನೋಣ. ತಂದೆ ತೀರಿಕೊಳ್ಳುವ ಹಿಂದಿನ ಗಳಿಗೆಯಲ್ಲಿ ಪಾಲಾಗಿತ್ತು ಎಂದು ಕಾನೂನು ಭಾವಿಸಿಕೊಳ್ಳುತ್ತದೆ. ತಂದೆ ಮತ್ತು ಮೂವರು ಮಕ್ಕಳಿಗೆ ತಲಾ ಎರಡು ಎಕರೆ. ಎರಡನೆಯ ಸುತ್ತಿನಲ್ಲಿ ತಂದೆಯ ಎರಡು ಎಕರೆ ಮಾತ್ರ ವಾರಸುದಾರರಿಗೆ ಹೋಗುತ್ತದೆ: ಮೂವರು ಮಕ್ಕಳು ಮತ್ತು ವಿಧವೆಗೆ ತಲಾ ಇಪ್ಪತ್ತು ಗುಂಟೆ. ಕೊನೆಗೆ ಪ್ರತಿ ಮಗುವಿಗೆ ಎರಡು ಎಕರೆ ಇಪ್ಪತ್ತು ಗುಂಟೆ, ಚಿಕ್ಕಮ್ಮನಿಗೆ ಇಪ್ಪತ್ತು ಗುಂಟೆ. ಬೆಳಗಾವಿ, ಧಾರವಾಡದಂಥ ಹಳೆಯ ಮುಂಬೈ ಪ್ರಾಂತ್ಯದ ಜಿಲ್ಲೆಗಳಲ್ಲಿ ತಂದೆ ಮಕ್ಕಳ ನಡುವೆ ಪಾಲಾದಾಗ ಹೆಂಡತಿಗೂ ಒಂದು ಪಾಲು ಕೊಡುವ ಹಿಂದೂ ಕಾನೂನಿನ ಸಂಪ್ರದಾಯವಿದೆ. ಅಲ್ಲಿ ಮೊದಲ ಸುತ್ತಿನ ಲೆಕ್ಕವೇ ಬೇರೆಯಾಗುತ್ತದೆ. ನಿಮ್ಮ ಕುಟುಂಬಕ್ಕೆ ಯಾವುದು ಅನ್ವಯ ಎಂದು ಸ್ಥಳೀಯ ವಕೀಲರನ್ನೇ ಕೇಳಿ.

ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಹುಟ್ಟಿನ ಹಕ್ಕಿನ ಬಗ್ಗೆ ಇನ್ನೂ ಅನುಮಾನಪಡುವವರಿದ್ದಾರೆ. 2005ರ ತಿದ್ದುಪಡಿಯ ನಂತರ, ತಂದೆ ಆ ವರ್ಷದ ಸೆಪ್ಟೆಂಬರ್ 9ರಂದು ಬದುಕಿರಲಿ ಇಲ್ಲದಿರಲಿ, ಮಗಳಿಗೆ ಮಗನಷ್ಟೇ ಹಕ್ಕಿದೆ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಚರ್ಚೆ ಮುಗಿದಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಿಭಾಗ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಮತ್ತೆ ತೆರೆಯಲಾಗದು.

5. ವಿಲ್, ದಾನಪತ್ರ, ನಾಮಿನಿ

ಲೆಕ್ಕ ಹಾಕಿ ನೆಮ್ಮದಿಯಾಗಿರುವಾಗ ಬೀರುವಿನಿಂದ ಒಂದು ವಿಲ್ ಹೊರಬರುತ್ತದೆ. ಗಾಬರಿ ಬೇಡ, ತಾತ್ಸಾರವೂ ಬೇಡ.

ಸ್ವಯಾರ್ಜಿತವನ್ನು ತಂದೆ ಯಾರಿಗೆ ಬೇಕಾದರೂ ಬರೆಯಬಹುದು, ಎಲ್ಲವನ್ನೂ ಚಿಕ್ಕಮ್ಮನಿಗೇ ಬರೆಯಬಹುದು. ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಮಾತ್ರ ವಿಲ್ ಮಾಡಬಹುದು. ಪಾಲಾಗದ ಆ ಹಕ್ಕನ್ನು ದಾನಪತ್ರದ ಮೂಲಕ ಒಬ್ಬರಿಗೆ ಕೊಟ್ಟುಬಿಡಲು ಬರುವುದಿಲ್ಲ. ವಿಲ್‌ಗೆ ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ನೋಂದಣಿಯಾದ ವಿಲ್ ಕೂಡ ತನ್ನಿಂದ ತಾನೇ ಸಾಬೀತಾಗುವುದಿಲ್ಲ. ಅದನ್ನು ಮುಂದಿಟ್ಟವರು ಕನಿಷ್ಠ ಒಬ್ಬ ಸಾಕ್ಷಿಯನ್ನು ನ್ಯಾಯಾಲಯಕ್ಕೆ ಕರೆತರಬೇಕು. ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದ ತೀರ್ಪು ಇಂದಿಗೂ ಈ ವಿಷಯದಲ್ಲಿ ದಾರಿದೀಪ: ವಿಲ್ ಸುತ್ತ ಅನುಮಾನಾಸ್ಪದ ಸಂಗತಿಗಳಿದ್ದರೆ ಅವನ್ನು ನಿವಾರಿಸುವ ಹೊಣೆ ವಿಲ್ ತಂದವರದು. ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದು, ತಂದೆ ಆಗ ತೀವ್ರ ನಿಗಾ ಘಟಕದಲ್ಲಿದ್ದದ್ದು, ಯಾವ ಕಾರಣವನ್ನೂ ಹೇಳದೆ ಸ್ವಂತ ಮಕ್ಕಳನ್ನು ಪೂರ್ತಿ ಕೈಬಿಟ್ಟದ್ದು, ಇವು ಅಂಥ ಸಂಗತಿಗಳು. ತಂದೆಯ ಆ ದಿನಗಳ ಆಸ್ಪತ್ರೆ ದಾಖಲೆಗಳನ್ನು ಕೂಡಲೇ ಕೇಳಿ ಪಡೆಯಿರಿ. ವಿಲ್ ನೋಂದಣಿಯಾಗಿದೆ ಎಂದು ಹೇಳಿ ಪ್ರತಿ ಕೊಡದಿದ್ದರೆ, ಬರೆದವರು ತೀರಿಕೊಂಡ ಮೇಲೆ ಯಾರು ಬೇಕಾದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅದರ ನಕಲು ಕೇಳಬಹುದು.

ನಾಮಿನಿ ವಿಚಾರದಲ್ಲಿ ಎರಡೂ ಕಡೆಯವರು ಮೋಸಹೋಗುತ್ತಾರೆ. ಬ್ಯಾಂಕ್ ಠೇವಣಿಯ ನಾಮಿನಿ ಹಣ ಪಡೆದುಕೊಳ್ಳುವ ಕೈ ಮಾತ್ರ, ಹಣದ ಒಡೆಯರು ವಾರಸುದಾರರು. ಷೇರುಗಳ ವಿಚಾರದಲ್ಲಿಯೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ಜೀವವಿಮೆಯಲ್ಲಿ 2015ರ ತಿದ್ದುಪಡಿಯಿಂದ ಗೊಂದಲ ಹುಟ್ಟಿತ್ತು. ವಾರಸುದಾರರು ಕೇಳಿದರೆ ನಾಮಿನಿಯ ಹಕ್ಕು ಬದಿಗೆ ಸರಿಯಬೇಕು ಎಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ತೀರ್ಪಿತ್ತಿದೆ. ಕುಟುಂಬ ಪಿಂಚಣಿ ಮಾತ್ರ ಬೇರೆ ಜಾತಿಯದು. ಅದು ತಂದೆ ಬಿಟ್ಟುಹೋದ ಆಸ್ತಿಯಲ್ಲ. ಸೇವಾ ನಿಯಮಗಳ ಪ್ರಕಾರ ಹೋಗುತ್ತದೆ, ಪಾಲು ಪಟ್ಟಿಯಲ್ಲಿ ಸೇರಿಸಬೇಡಿ.

6. ವಂಶವೃಕ್ಷ ಮತ್ತು ಪೌತಿ ಖಾತೆಯ ಮೇಲೆ ಕಣ್ಣಿಡಿ

ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಜಮೀನಿನ ದಾಖಲೆ ಬದಲಾಗುವುದೇ ಪೌತಿ ಖಾತೆ. ಅದಕ್ಕೆ ಆಧಾರ ವಂಶವೃಕ್ಷ. ಒಬ್ಬ ಮಗನನ್ನೋ, ಪರಊರಿಗೆ ಮದುವೆಯಾಗಿ ಹೋದ ಮಗಳನ್ನೋ ಬಿಟ್ಟು ವಂಶವೃಕ್ಷ ಮಾಡಿಸುವುದು ಹಳೆಯ ಚಾಳಿ. ಮೊದಲ ಹೆಂಡತಿಯ ಮಕ್ಕಳು ಚಿಕ್ಕಮ್ಮನನ್ನು ಬಿಟ್ಟು ಮಾಡಿಸುವುದೂ ಅಷ್ಟೇ ಸಾಮಾನ್ಯ. ಎಲ್ಲರ ಹೆಸರೂ ಇರುವ ವಂಶವೃಕ್ಷವನ್ನು ನೀವೇ ಮುಂದಾಗಿ ನಾಡಕಚೇರಿಯಲ್ಲಿ ಮಾಡಿಸಿ.

ನಿಮ್ಮನ್ನು ಬಿಟ್ಟು ಅರ್ಜಿ ಹೋಗಿದೆ ಎಂದು ತಿಳಿದರೆ, ನೋಟಿಸ್‌ನಲ್ಲಿ ಕೊಟ್ಟ ಅವಧಿಯೊಳಗೆ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯಿರಿ. ತಕರಾರಿರುವ ಮ್ಯುಟೇಶನ್ನನ್ನು ವಿಚಾರಣೆ ಮಾಡಿಯೇ ತೀರ್ಮಾನಿಸಬೇಕು. ಆದೇಶ ವಿರುದ್ಧ ಬಂದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಅಷ್ಟೆಲ್ಲ ಮಾಡಿದ ಮೇಲೂ ಪಹಣಿಯಲ್ಲಿ ಹೆಸರು ಬಂದವರೇ ಮಾಲೀಕರು ಎಂದಾಗುವುದಿಲ್ಲ. ಅದು ಕಂದಾಯದ ದಾಖಲೆ. ಹಕ್ಕನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಹೆಸರು ಬಿಟ್ಟುಹೋಯಿತೆಂದು ಎದೆ ಒಡೆದುಕೊಳ್ಳಬೇಡಿ, ಆದರೆ ಸುಮ್ಮನೆಯೂ ಇರಬೇಡಿ.

ಎಚ್ಚರ: ‘ಬ್ಯಾಂಕಿಗೆ ಬೇಕು’, ‘ಖಾತೆಗೆ ಬೇಕು’ ಎಂದು ಹೇಳಿ ಉಪನೋಂದಣಾಧಿಕಾರಿ ಕಚೇರಿಗೆ ಕರೆದೊಯ್ದರೆ ಕಾಗದವನ್ನು ಪೂರ್ತಿ ಓದಿ. ಅದು ಹಕ್ಕು ಬಿಡುಗಡೆ ಪತ್ರವಾಗಿರಬಹುದು, ಅಂದರೆ ನಿಮ್ಮ ಪಾಲನ್ನು ನೀವೇ ಬಿಟ್ಟುಕೊಡುವ ಕಾಗದ. ನೋಂದಣಿಯಾದ ಮೇಲೆ ‘ಓದದೆ ಸಹಿ ಹಾಕಿದೆ’ ಎಂಬ ಮಾತನ್ನು ಸಾಬೀತುಪಡಿಸುವುದು ಬಹಳ ಕಷ್ಟ.

ಮಕ್ಕಳು ಚಿಕ್ಕವರಿದ್ದರೆ ಇನ್ನೊಂದು ಮಾತು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ ಪ್ರಕಾರ ಮಲತಾಯಿಯಾಗಲಿ ಮಲತಂದೆಯಾಗಲಿ ಸ್ವಾಭಾವಿಕ ಪಾಲಕರಲ್ಲ. ಮಗುವಿನ ಪಾಲನ್ನು ಅವರು ಮಾರಲಾಗದು. ಮಾರಿದ್ದರೆ ಆ ಮಗು ದೊಡ್ಡವನಾದ ಮೇಲೆ ತಡಮಾಡದೆ, 21 ತುಂಬುವುದರೊಳಗೇ ಪ್ರಶ್ನಿಸುವುದು ಕ್ಷೇಮ.

7. ಒಮ್ಮೆ ಕೂತು ಮಾತಾಡಿ

ನನ್ನ ಅನಿಸಿಕೆಯಲ್ಲಿ ಈ ಹಂತವನ್ನು ಹಾರಿದವರು ಹೆಚ್ಚು ಕಳೆದುಕೊಳ್ಳುತ್ತಾರೆ. ಚಿಕ್ಕಮ್ಮನಿಗೆ ಬೇಕಾದದ್ದು ಬಹಳ ಸಲ ಇಪ್ಪತ್ತು ಗುಂಟೆಯಲ್ಲ, ಇರುವಷ್ಟು ದಿನ ಇರುವ ಮನೆ ಮತ್ತು ತಿಂಗಳಿಗೊಂದಿಷ್ಟು ಹಣ. ಮಕ್ಕಳಿಗೆ ಬೇಕಾದದ್ದು ಜಮೀನು. ಮನೆ ಅವರಿಗೆ, ಜಮೀನು ಇವರಿಗೆ ಎಂಬ ಹೊಂದಾಣಿಕೆ ನ್ಯಾಯಾಲಯದ ಡಿಕ್ರಿಗಿಂತ ಎಷ್ಟೋ ಬೇಗ ಆಗುತ್ತದೆ.

ಒಪ್ಪಂದವಾದರೆ ವಿಭಾಗ ಪತ್ರ ಬರೆಸಿ ನೋಂದಾಯಿಸಿ. ಮನೆಯ ಜಗಲಿಯಲ್ಲಿ ಬಿಳಿಹಾಳೆಯ ಮೇಲೆ ಬರೆದು ಐದು ಜನ ಸಹಿ ಹಾಕಿದ ಪಾಲುಪಟ್ಟಿಯನ್ನು ನಂಬಿ ಮನೆ ಕಟ್ಟಬೇಡಿ. ಮಾತುಕತೆ ಮುರಿಯುವಂತಿದ್ದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮ, ಮೇಲ್ಮನವಿ ಇರುವುದಿಲ್ಲ. ಆದ್ದರಿಂದ ಅಲ್ಲಿ ಸಹಿ ಹಾಕುವ ಮೊದಲು ಸರ್ವೆ ನಂಬರು, ಚಕ್ಕುಬಂದಿ, ಗುಂಟೆ ಎಲ್ಲವನ್ನೂ ಎರಡು ಸಲ ಓದಿ.

ಯಾರಾದರೂ ತಮ್ಮ ಪಾಲನ್ನು ಹೊರಗಿನವರಿಗೆ ಮಾರಲು ಹೊರಟರೆ, ಅದನ್ನು ಮೊದಲು ಕೊಳ್ಳುವ ಹಕ್ಕು ಜೊತೆಯ ವಾರಸುದಾರರಿಗಿದೆ. ಈ ಅಸ್ತ್ರ ಇರುವುದೇ ಅನೇಕರಿಗೆ ತಿಳಿದಿಲ್ಲ.

8. ಕೊನೆಗೆ ವಿಭಾಗ ದಾವೆ

ದಾವೆ ಹೂಡುವಾಗ ಎರಡು ತಪ್ಪು ಮಾಡಬೇಡಿ. ಒಬ್ಬ ಪಾಲುದಾರರನ್ನೂ ಪಕ್ಷಗಾರರ ಪಟ್ಟಿಯಿಂದ ಬಿಡಬೇಡಿ, ನಿಮ್ಮ ಪರ ಇರುವ ಅಕ್ಕನನ್ನೂ ಸೇರಿಸಿ. ಒಂದು ಆಸ್ತಿಯನ್ನೂ ಬಿಡಬೇಡಿ, ನಿಮ್ಮ ಸ್ವಾಧೀನದಲ್ಲಿರುವುದನ್ನೂ ತೋರಿಸಿ. ಈ ಎರಡು ಕಾರಣಕ್ಕೆ ದಾವೆ ಬಿದ್ದುಹೋದ ನಿದರ್ಶನಗಳು ಬಹಳ. ಮಾರಾಟದ ಭಯವಿದ್ದರೆ ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿಯನ್ನು ಜೊತೆಯಲ್ಲೇ ಹಾಕಿ, ಆದೇಶ ಸಿಕ್ಕರೆ ಪಹಣಿಯಲ್ಲಿ ನಮೂದಿಸಲು ಕೇಳಿ. ಕೂಡುಕುಟುಂಬದ ಆಸ್ತಿಯಿಂದ ನಿಮ್ಮನ್ನು ಹೊರಗಿಟ್ಟದ್ದು ನಿಮಗೆ ತಿಳಿದ ದಿನದಿಂದ 12 ವರ್ಷದೊಳಗೆ ದಾವೆ ಬರಬೇಕು.

ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆ ಎಷ್ಟು ಪಾಲು ಎಂಬ ಘೋಷಣೆ. ಅದನ್ನು ಹಿಡಿದು ಊರಿಗೆ ಬಂದು ಸುಮ್ಮನಾಗುವವರಿದ್ದಾರೆ. ನೆಲದ ಮೇಲೆ ಗೆರೆ ಬೀಳಲು ಅಂತಿಮ ಡಿಕ್ರಿ ಬೇಕು. ಕಂದಾಯ ಜಮೀನನ್ನು ಜಿಲ್ಲಾಧಿಕಾರಿಯ ಮೂಲಕ, ಮನೆಗಳನ್ನು ನ್ಯಾಯಾಲಯದ ಕಮಿಷನರ್ ಮೂಲಕ ಅಳೆಸಿ ಹಂಚಲಾಗುತ್ತದೆ. ಠೇವಣಿ, ಷೇರುಗಳಿಗೆ ಬ್ಯಾಂಕ್ ಕೇಳುವ ಉತ್ತರಾಧಿಕಾರ ಪ್ರಮಾಣಪತ್ರ ಬೇರೆಯೇ ಅರ್ಜಿ, ಅದರಿಂದ ಮನೆ ಜಮೀನಿನ ಹಕ್ಕು ತೀರ್ಮಾನವಾಗುವುದಿಲ್ಲ.

ಚಿಕ್ಕಮ್ಮನ ಕಾಲಾನಂತರ ಏನು?

ಗಂಡನಿಂದ ಬಂದ ಪಾಲಿಗೆ ಆಕೆ ಸಂಪೂರ್ಣ ಒಡತಿ. ಮಾರಬಹುದು, ವಿಲ್ ಬರೆಯಬಹುದು. ಮರುಮದುವೆಯಾದರೂ ಅದು ಕೈತಪ್ಪುವುದಿಲ್ಲ. ಆಕೆ ವಿಲ್ ಇಲ್ಲದೆ ತೀರಿಕೊಂಡರೆ ಮೊದಲು ಬರುವವರು ಆಕೆಯ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು. ಮಲಮಗ ಆಕೆಯ ‘ಮಗ’ ಅಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಲಚ್ಮನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆಕೆಗೆ ಮಕ್ಕಳು, ಮೊಮ್ಮಕ್ಕಳು ಇಲ್ಲದಿದ್ದರೆ ಮಾತ್ರ, ಗಂಡನಿಂದ ಬಂದ ಆಸ್ತಿ ಗಂಡನ ವಾರಸುದಾರರಿಗೆ, ಅಂದರೆ ನಿಮಗೆ, ಹಿಂತಿರುಗುತ್ತದೆ. ತವರಿನಿಂದ ಬಂದದ್ದು ಆಗ ಆಕೆಯ ತಂದೆಯ ಕಡೆಗೆ ಹೋಗುತ್ತದೆ.

ಹಕ್ಕಿನ ಕತೆ ಹೀಗಾದರೆ ಹೊಣೆಯ ಕತೆ ಬೇರೆ. ಮಕ್ಕಳಿಲ್ಲದ ಮಲತಾಯಿ ವೃದ್ಧೆಯಾಗಿದ್ದು ತನ್ನನ್ನು ತಾನು ನೋಡಿಕೊಳ್ಳಲಾಗದಿದ್ದರೆ ಅವರಿಗೆ ಜೀವನಾಂಶ ಕೊಡುವ ಹೊಣೆ ಮಲಮಕ್ಕಳ ಮೇಲಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ‘ಪೋಷಕ’ ಎಂಬ ಪದದಲ್ಲಿ ಮಲತಾಯಿ, ಮಲತಂದೆ ಇಬ್ಬರೂ ಸೇರಿದ್ದಾರೆ. ಅವರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು.

ಮಲತಂದೆಯಾದರೆ

ತಾಯಿ ವಿಲ್ ಇಲ್ಲದೆ ತೀರಿಕೊಂಡರೆ ಆಕೆಯ ಆಸ್ತಿ ಆಕೆಯ ಎಲ್ಲ ಮಕ್ಕಳಿಗೂ ಆಗ ಇರುವ ಗಂಡನಿಗೂ ಸಮನಾಗಿ ಹೋಗುತ್ತದೆ. ನಿಮ್ಮ ಸ್ವಂತ ತಂದೆಯಿಂದ ತಾಯಿಗೆ ಬಂದಿದ್ದ ಪಾಲೂ ಇದರಲ್ಲಿ ಸೇರುತ್ತದೆ. ಆದರೆ ತಂದೆ ತೀರಿಕೊಂಡಾಗಲೇ ನಿಮಗೆ ಬಂದಿದ್ದ ಪಾಲು ನಿಮ್ಮದೇ, ಮಲತಂದೆ ಅದನ್ನು ಮುಟ್ಟುವಂತಿಲ್ಲ. ಮಲತಂದೆ ತೀರಿಕೊಂಡಾಗ, ದತ್ತು ಅಥವಾ ವಿಲ್ ಇಲ್ಲದಿದ್ದರೆ, ಅವರ ಆಸ್ತಿಯಲ್ಲಿ ನಿಮಗೆ ಪಾಲಿಲ್ಲ.

ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ

ಇಲ್ಲಿಯೂ ಮಲಮಕ್ಕಳು ಮಲತಾಯಿಯ ವಾರಸುದಾರರಲ್ಲ, ಆದರೆ ತಂದೆಯ ಆಸ್ತಿಯಲ್ಲಿ ಇಬ್ಬರಿಗೂ ಪಾಲಿದೆ. ಮುಸ್ಲಿಂ ಕಾನೂನಿನಲ್ಲಿ ತೀರಿಕೊಂಡವರಿಗೆ ಯಾವ ಹೆಂಡತಿಯಿಂದಲೇ ಆಗಲಿ ಮಕ್ಕಳಿದ್ದರೆ ವಿಧವೆಗೆ ಎಂಟನೆಯ ಒಂದು ಪಾಲು, ಇಲ್ಲದಿದ್ದರೆ ನಾಲ್ಕನೆಯ ಒಂದು. ಹುಟ್ಟಿನ ಹಕ್ಕು ಎಂಬುದಿಲ್ಲ, ಆದ್ದರಿಂದ ಪಿತ್ರಾರ್ಜಿತದ ಎರಡು ಸುತ್ತಿನ ಲೆಕ್ಕವೂ ಇಲ್ಲ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ: ವಿಧವೆಗೆ ಮೂರನೆಯ ಒಂದು, ಉಳಿದ ಎರಡು ಪಾಲು ತೀರಿಕೊಂಡವರ ಎಲ್ಲ ಮಕ್ಕಳಿಗೆ ಸಮನಾಗಿ.